ಸಾಕ್ಷರತೆ ಅಂದರೆ ಕಾರ್ಡ್ ಮಾಡಿಸುವುದಲ್ಲ

ಕಳೆದ ತಿಂಗಳು ಆ ಬ್ಯಾನರ್ ಮೂರನೇ ಸಲ ಕಣ್ಣಿಗೆ ಬಿತ್ತು. 'ಉಚಿತ ಡಿಜಿಟಲ್ ಆರೋಗ್ಯ ಸಾಕ್ಷಾರತೆ ಶಿಬಿರ'. ಕೆಳಗೆ ಒಂದು ಮೇಜು, ಎರಡು ಲ್ಯಾಪ್‌ಟಾಪ್, ಆಧಾರ್ ಕಾರ್ಡ್ ಹಿಡಿದು ಸಾಲಾಗಿ ನಿಂತ ಜನ. ಒಬ್ಬೊಬ್ಬರೂ ಬಂದು ಮೊಬೈಲ್‌ಗೆ ಬಂದ ಒಟಿಪಿಯನ್ನು ಇಡೀ ಸಾಲಿಗೆ ಕೇಳುವಂತೆ ಓದಿ ಹೇಳುತ್ತಾರೆ, ಆರೋಗ್ಯದ ದಾಖಲೆಗಳಿಗೆ ಸರ್ಕಾರ ಕೊಡುವ ಆಭಾ ನಂಬರ್ ಬರೆಸಿಕೊಂಡು ಹೋಗುತ್ತಾರೆ. ಸಂಜೆ ವಾಟ್ಸಾಪ್ ಗುಂಪಿನಲ್ಲಿ ಫೋಟೋ ಬಂತು: ಇಂದು ಇನ್ನೂರಕ್ಕೂ ಹೆಚ್ಚು ಮಂದಿ ಡಿಜಿಟಲ್ ಆರೋಗ್ಯ ಸಾಕ್ಷರರಾದರು.

ಒಟಿಪಿ ಕೂಗಿ ಹೇಳಿದವರು ಡಿಜಿಟಲ್ ಸಾಕ್ಷರರಂತೆ. ಇರಲಿ, ಮೊದಲು ಆ ದೀರ್ಘದ ವಿಚಾರ ಮುಗಿಸೋಣ.

ಪದ 'ಸಾಕ್ಷಾರತೆ' ಅಲ್ಲ, ಸಾಕ್ಷರತೆ. ಸ ಅಂದರೆ ಕೂಡಿದ, ಅದರ ಜೊತೆಗೆ ಅಕ್ಷರ. ಎರಡೂ ಸೇರಿ ಸಾಕ್ಷರ, ಅಕ್ಷರದ ಜೊತೆ ಇರುವವನು. ಸ ಮತ್ತು ಅಕ್ಷಿ ಸೇರಿ ಸಾಕ್ಷಿ ಆದ ಹಾಗೆಯೇ. ಸಾಕ್ಷಿಗೆ ಕಣ್ಣು ಬೇಕು, ಸಾಕ್ಷರನಿಗೆ ಅಕ್ಷರ ಬೇಕು. ಕ್ಷ-ಗೆ ದೀರ್ಘ ಕೊಟ್ಟರೆ ಅಕ್ಷರ ಹೋಗಿ ಕ್ಷಾರ ಬರುತ್ತದೆ. ಕ್ಷಾರ ಅಂದರೆ ವಾಷಿಂಗ್ ಸೋಡಾ, ಸುಣ್ಣದ ಜಾತಿ. ಹಾಗೆ ನೋಡಿದರೆ ಆ ಬ್ಯಾನರ್ ಸೋಪಿನ ಕಾರ್ಖಾನೆ ಮುಂದೆ ಇರಬೇಕಾದದ್ದು.

ಅಕ್ಷರ ಅನ್ನುವುದೂ ಸಣ್ಣ ಪದವಲ್ಲ. ಕ್ಷರ ಅಂದರೆ ಕರಗಿ ಹೋಗುವುದು, ಸವೆದು ಹೋಗುವುದು. ಅಕ್ಷರ ಅಂದರೆ ಹಾಗೆ ಹೋಗದೆ ಉಳಿಯುವುದು. ನಮ್ಮ ಹಿಂದಿನವರು ಇದರ ಮೇಲೆ ಒಂದು ತುಂಟ ಸುಭಾಷಿತವನ್ನೇ ಕಟ್ಟಿದ್ದಾರೆ. 'ಸರಸ' ಅನ್ನುವುದನ್ನು ತಿರುಗಿಸಿ ಓದಿ, ಸರಸವೇ ಬರುತ್ತದೆ. 'ಸಾಕ್ಷರಾ' ಅನ್ನುವುದನ್ನು ತಿರುಗಿಸಿ ಓದಿ, ರಾಕ್ಷಸಾ ಬರುತ್ತದೆ. ಓದಿದವನು ತಿರುಗಿಬಿದ್ದರೆ ರಾಕ್ಷಸನೇ ಅಂತ ಅರ್ಥ. ನಮ್ಮ ಫ್ಯಾಮಿಲಿ ಗ್ರೂಪಿನಲ್ಲಿ ಬೆಳಿಗ್ಗೆ ಐದೂವರೆಗೇ ಆರೋಗ್ಯದ ಸಲಹೆ ಫಾರ್ವರ್ಡ್ ಮಾಡುವವರೆಲ್ಲ ಪದವೀಧರರು. ಸುಭಾಷಿತ ಬರೆದವನಿಗೆ ಇದು ಹೇಗೆ ಗೊತ್ತಾಯಿತೋ!

ಇಂಗ್ಲಿಷಿನ ಲಿಟರಸಿ ಕೂಡ ಅಕ್ಷರದಿಂದಲೇ ಬಂದದ್ದು. ಲ್ಯಾಟಿನ್‌ನಲ್ಲಿ ಲಿಟ್ಟೆರಾ ಅಂದರೆ ಅಕ್ಷರ. ತಮಾಷೆ ಏನೆಂದರೆ ಇಂಗ್ಲಿಷಿನಲ್ಲಿ 'ಇಲ್ಲಿಟರಸಿ', ಅಂದರೆ ನಿರಕ್ಷರತೆ, ಮೊದಲು ಹುಟ್ಟಿತು. ಲಿಟರಸಿ ಅದಾಗಿ ಸುಮಾರು ಇನ್ನೂರು ವರ್ಷ ಬಿಟ್ಟು, 19ನೇ ಶತಮಾನದ ಕೊನೆಗೆ ಬಂತು. ಬಾರದವರನ್ನು ಗುರುತಿಸುವ ಅವಸರ ಎಲ್ಲ ಕಡೆಯೂ ಒಂದೇ. ನಮ್ಮಲ್ಲೂ 'ಹೆಬ್ಬೆಟ್ಟು' ಅಂದರೆ ಸಾಕು, ಯಾರ ಬಗ್ಗೆ ಮಾತು ಅಂತ ಎಲ್ಲರಿಗೂ ಗೊತ್ತು. ತೊಂದರೆ ಶುರುವಾದದ್ದೂ ಅಲ್ಲೇ. ಹೆಬ್ಬೆಟ್ಟು ಬಿಟ್ಟು ಸಹಿ ಹಾಕಿದರೆ ಸಾಕ್ಷರ ಅಂತ ನಾವು ಅಂದುಕೊಂಡುಬಿಟ್ಟೆವು. ಜನಗಣತಿಯವರು ಕೂಡ ಹಾಗೆ ಹೇಳುವುದಿಲ್ಲ. 7 ವರ್ಷ ತುಂಬಿದವರು ಯಾವುದಾದರೂ ಒಂದು ಭಾಷೆಯಲ್ಲಿ ಓದಬೇಕು, ಬರೆಯಬೇಕು, ಅದೂ ಅರ್ಥ ಮಾಡಿಕೊಂಡು ಅನ್ನುವುದು ಅವರ ಲೆಕ್ಕ. ಆ 'ಅರ್ಥ ಮಾಡಿಕೊಂಡು' ಅನ್ನುವುದು ದಾರಿಯಲ್ಲಿ ಎಲ್ಲೋ ಬಿದ್ದುಹೋಯಿತು. ಆಗ ಸಹಿ ಇದ್ದ ಜಾಗದಲ್ಲಿ ಈಗ ಒಟಿಪಿ ಬಂದಿದೆ, ಅಷ್ಟೇ.

ಈಗ ಬ್ಯಾನರಿನ ಪೂರ್ತಿ ಪದಕ್ಕೆ ಬರೋಣ, ಡಿಜಿಟಲ್ ಆರೋಗ್ಯ ಸಾಕ್ಷರತೆ. ಇಂಗ್ಲಿಷಿನಲ್ಲಿ ಇ-ಹೆಲ್ತ್ ಲಿಟರಸಿ ಅನ್ನುವ ಇದಕ್ಕೆ ಇವತ್ತಿಗೂ ಜನ ಉಲ್ಲೇಖಿಸುವ ಅರ್ಥ ಕೊಟ್ಟವರು ಕೆನಡಾದ ಸಂಶೋಧಕರಾದ ಕ್ಯಾಮರಾನ್ ನಾರ್ಮನ್ ಮತ್ತು ಹಾರ್ವೆ ಸ್ಕಿನ್ನರ್. 2006ರಲ್ಲಿ. ಅವರ ಮಾತಿನ ಸಾರ ಇಷ್ಟು: ಆರೋಗ್ಯದ ಮಾಹಿತಿಯನ್ನು ಇಂಟರ್‌ನೆಟ್‌ನಂಥ ಕಡೆ ಹುಡುಕಬೇಕು, ಸಿಗಬೇಕು, ಅರ್ಥವಾಗಬೇಕು, ಸರಿಯೋ ತಪ್ಪೋ ತೂಗಿ ನೋಡಬೇಕು, ಆಮೇಲೆ ನಮ್ಮ ತೊಂದರೆಗೆ ಅದನ್ನು ಬಳಸಬೇಕು. ಇದಕ್ಕೆ ಅವರು ಆರು ಎಸಳಿನ ಲಿಲಿ ಹೂವಿನ ಚಿತ್ರ ಬರೆದರು. ಓದು-ಬರಹ, ಮಾಹಿತಿ ಹುಡುಕುವ ಜಾಣ್ಮೆ, ಮಾಧ್ಯಮದ ಮಾತನ್ನು ಅಳೆಯುವ ಜಾಣ್ಮೆ, ಕಂಪ್ಯೂಟರ್, ವಿಜ್ಞಾನ, ಆರೋಗ್ಯ. ಕಂಪ್ಯೂಟರ್ ಆರರಲ್ಲಿ ಒಂದು ಎಸಳು ಮಾತ್ರ. ನಮ್ಮ ಶಿಬಿರಗಳು ಆ ಒಂದೇ ಎಸಳನ್ನು ಕಿತ್ತು ಹೂವು ಅಂತ ಮಾರುತ್ತಿವೆ.

ಅದೇ ವರ್ಷ ಇವರಿಬ್ಬರೇ ಅದನ್ನು ಅಳೆಯಲು 8 ಪ್ರಶ್ನೆಗಳ ಪಟ್ಟಿಯನ್ನೂ ಮಾಡಿದರು. ಹೆಸರು ಇಹೀಲ್ಸ್. ಪ್ರತಿ ಪ್ರಶ್ನೆಗೆ 1ರಿಂದ 5, ಒಟ್ಟು ಹೆಚ್ಚೆಂದರೆ 40. ಇಲ್ಲಿ ನನಗೊಂದು ತಕರಾರಿದೆ. ಪ್ರಶ್ನೆಗಳೆಲ್ಲ 'ನನಗೆ ಗೊತ್ತು', 'ನನ್ನಿಂದ ಆಗುತ್ತದೆ', 'ನನಗೆ ಧೈರ್ಯವಿದೆ' ಅನ್ನುವ ಜಾತಿಯವು. ಅಂದರೆ ಈಜು ಬರುತ್ತಾ ಅಂತ ದಡದಲ್ಲೇ ಕೇಳಿ, ಅಲ್ಲೇ ಅಂಕ ಕೊಟ್ಟ ಹಾಗೆ. ನೆದರ್ಲೆಂಡ್ಸ್‌ನಲ್ಲಿ ಇದರ ಡಚ್ ರೂಪವನ್ನು ಪರೀಕ್ಷೆ ಮಾಡಿದವರು 2011ರಲ್ಲಿ ಅದನ್ನೇ ಕಂಡರು. ಜನ ತಮಗೆ ತಾವೇ ಕೊಟ್ಟುಕೊಂಡ ಅಂಕಕ್ಕೂ, ಕಂಪ್ಯೂಟರ್ ಮುಂದೆ ಕೂರಿಸಿ ಹುಡುಕಿಸಿದಾಗ ಮಾಡಿ ತೋರಿಸಿದ್ದಕ್ಕೂ ಹೇಳಿಕೊಳ್ಳುವಂಥ ನಂಟು ಇರಲಿಲ್ಲ. ಧೈರ್ಯ ಬೇರೆ, ಜಾಣ್ಮೆ ಬೇರೆ. ನಮ್ಮ ಕಡೆ ಧೈರ್ಯಕ್ಕೇನೂ ಬರವಿಲ್ಲ.

ಕನ್ನಡದಲ್ಲಿ ಹುಡುಕುವವರಿಗೆ ಇನ್ನೊಂದು ಕಷ್ಟ ಇದೆ. ಅದರ ಬಗ್ಗೆ ಯಾವ ಶಿಬಿರದಲ್ಲೂ ಯಾರೂ ಬಾಯಿ ಬಿಡುವುದಿಲ್ಲ. ನಾವು ಕಾಯಿಲೆಗೆ ಬಳಸುವ ಇಂಗ್ಲಿಷ್ ಪದಗಳು ಇಂಗ್ಲಿಷ್ ಪದಗಳೇ ಅಲ್ಲ.

'ಗ್ಯಾಸ್ಟ್ರಿಕ್' ತಗೊಳ್ಳಿ. ನಮ್ಮಲ್ಲಿ ಅದು ಒಂದು ಕಾಯಿಲೆ. ಹೊಟ್ಟೆ ಉಬ್ಬರ, ಹುಳಿತೇಗು, ಎದೆಯುರಿ, ಬೆನ್ನಲ್ಲಿ ಚಳುಕು ಎಲ್ಲವೂ ಗ್ಯಾಸ್ಟ್ರಿಕ್ಕೇ. ಇಂಗ್ಲಿಷಿನಲ್ಲಿ ಆ ಪದಕ್ಕೆ 'ಜಠರದ' ಅಂತಷ್ಟೇ ಅರ್ಥ. ಕಾಯಿಲೆಯ ಹೆಸರೇ ಅಲ್ಲ. ನಮ್ಮ ಚಿಕ್ಕಮ್ಮ ಒಂದು ದಿನ ಅದನ್ನು ಇಂಗ್ಲಿಷ್ ಅಕ್ಷರದಲ್ಲಿ ಹಾಕಿ ಹುಡುಕಿ, ಗಾಬರಿಯಲ್ಲಿ ಫೋನ್ ಮಾಡಿದರು.

"ನೋಡೋ, ಗೂಗಲ್‌ನಲ್ಲಿ ಗ್ಯಾಸ್ಟ್ರಿಕ್ ಅಂತ ಹಾಕಿದ್ರೆ ಕ್ಯಾನ್ಸರ್ ಅಂತ ಬರ್ತಿದೆ!"

"ಅದು ಜಠರದ ಕ್ಯಾನ್ಸರ್ ಬಗ್ಗೆ ಚಿಕ್ಕಮ್ಮ. ನಿಮಗೆ ಇರೋದು ಹುಳಿತೇಗು."

"ಹಾಗಾದ್ರೆ ಹುಳಿತೇಗಿಗೆ ಇಂಗ್ಲಿಷಲ್ಲಿ ಏನಂತಾರೆ?"

ನೋಡಿ, ಎಂಥ ಪ್ರಶ್ನೆ! ಆ ಎಂಟು ಪ್ರಶ್ನೆಗಳಲ್ಲಿ ಚಿಕ್ಕಮ್ಮನಿಗೆ ಎಷ್ಟು ಅಂಕ ಬರುತ್ತಿತ್ತೋ ಗೊತ್ತಿಲ್ಲ, ಆದರೆ ಅವತ್ತು ಅವರು ಮಾಡಿದ್ದೇ ಸಾಕ್ಷರತೆ. ಸಿಕ್ಕಿದ್ದನ್ನು ಅನುಮಾನಿಸಿದರು, ಕೇಳಿದರು, ತಾವು ಹಾಕಿದ ಪದವೇ ಸರಿಯಿಲ್ಲ ಅಂತ ಹಿಡಿದರು.

ಇದೇ ಪದ ತಿರುವು ಮುರುವಾದರೆ ಇನ್ನೂ ಅಪಾಯ. ಎದೆ ಹಿಡಿದುಕೊಂಡಿದೆ, ಬೆವರು ಬರುತ್ತಿದೆ, 'ಗ್ಯಾಸ್ಟ್ರಿಕ್ ಇರಬೇಕು' ಅಂತ ಸೋಡಾ ಕುಡಿದು ಕೂತವರ ಕತೆ ಪ್ರತಿ ಊರಲ್ಲೂ ಇದೆ. ಆ ಹೊತ್ತಿನಲ್ಲಿ ಗ್ಯಾಸ್ಟ್ರಿಕ್‌ಗೆ ಮನೆಮದ್ದು ಹುಡುಕಿದರೆ ಬೇಕಾದಷ್ಟು ವಿಡಿಯೊ ಸಿಗುತ್ತವೆ. ಹುಡುಕಿದ್ದೂ ಆಯಿತು, ಸಿಕ್ಕಿದ್ದೂ ಆಯಿತು, ಅರ್ಥವಾದದ್ದೂ ಆಯಿತು. ತೂಗಿ ನೋಡಿದ್ದು ಮಾತ್ರ ಇಲ್ಲ. ಅನೇಕ ತಾಲ್ಲೂಕು ಆಸ್ಪತ್ರೆಗಳಲ್ಲಿ ಕರ್ನಾಟಕ ಸರ್ಕಾರದ ಹೃದಯ ಜ್ಯೋತಿ ಯೋಜನೆಯಲ್ಲಿ ಇಸಿಜಿ ಮಾಡಿ, ಬೇಕಾದರೆ ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್ ಉಚಿತವಾಗಿ ಕೊಡುತ್ತಾರೆ. ಫೋನಿನಲ್ಲಿ ಹುಡುಕಬೇಕಾದದ್ದು ಅದನ್ನು. ಅದನ್ನಾದರೂ ಮೊದಲೇ ಹುಡುಕಿಟ್ಟುಕೊಳ್ಳಬೇಕು. ಎದೆ ಹಿಡಿದ ಮೇಲೆ ಹುಡುಕುವುದಲ್ಲ, ಹೊರಡುವುದು.

'ಬಿಪಿ ಇದೆ' ಅನ್ನುವುದೂ ಹೀಗೆಯೇ. ಬಿಪಿ ಎಲ್ಲರಿಗೂ ಇರುತ್ತದೆ, ಇಲ್ಲದಿದ್ದರೆ ಮಾತಾಡಲು ನಾವು ಇರುವುದಿಲ್ಲ. ಆಡುಮಾತಿಗೆ ಅಡ್ಡಿಯಿಲ್ಲ. ಹುಡುಕುವಾಗ ಮಾತ್ರ ಹೆಚ್ಚೋ ಕಡಿಮೆಯೋ ಅಂತ ಹಾಕಬೇಕು.

ಅಂಕಿಗಳದ್ದು ಬೇರೆಯೇ ಕತೆ. ಇಂಗ್ಲೆಂಡಿನಲ್ಲಿರುವ ಮಗ 'ಅಮ್ಮಾ, ನನಗೆ ಖಾಲಿ ಹೊಟ್ಟೆ ಶುಗರ್ 7 ಬಂದಿದೆ' ಅಂದರೆ ಇಲ್ಲಿ ತಾಯಿಗೆ ಎದೆ ಝಲ್ ಅನ್ನುತ್ತದೆ. ಇಲ್ಲಿ ತೊಂಬತ್ತು, ನೂರು ಕೇಳಿ ಗೊತ್ತು, 7 ಅಂದರೆ ಮನುಷ್ಯ ಉಳಿದಾನೇ? ಅಲ್ಲಿಯ ಅಳತೆ ಬೇರೆ. 18ರಿಂದ ಗುಣಿಸಿದರೆ ನಮ್ಮ ಲೆಕ್ಕಕ್ಕೆ ಬರುತ್ತದೆ, 126. ತಾಯಿ ಹೆದರಿದ್ದಕ್ಕೆ ಕಾರಣ ತಪ್ಪು. ಆದರೆ ಸುಮ್ನೆ ಬಿಡುವ ಹಾಗೂ ಇಲ್ಲ, ಯಾಕೆಂದರೆ ಡಯಾಬಿಟಿಸ್ ಅಂತ ಗುರುತಿಸುವ ಗೆರೆ ಶುರುವಾಗುವುದು ಸರಿಯಾಗಿ ಆ 126ರಲ್ಲೇ. ಅಮೆರಿಕದಲ್ಲಿರುವ ಮಗಳ ರಿಪೋರ್ಟಿಗೆ ಈ ಗುಣಾಕಾರ ಬೇಡ, ಅಲ್ಲಿ ನಮ್ಮದೇ ಅಳತೆ. ಇನ್ನು ಲ್ಯಾಬ್ ರಿಪೋರ್ಟಿನಲ್ಲಿ ದಪ್ಪ ಅಕ್ಷರದಲ್ಲಿ ಬಂದದ್ದೆಲ್ಲ ಕಾಯಿಲೆಯಲ್ಲ. 'ನಾರ್ಮಲ್' ಗೆರೆಗಳನ್ನು ಸಾಮಾನ್ಯವಾಗಿ ಆರೋಗ್ಯವಂತರಲ್ಲಿ ನೂರಕ್ಕೆ 95 ಮಂದಿ ಒಳಗೆ ಬರುವ ಹಾಗೆ ಎಳೆದಿರುತ್ತಾರೆ. ಉಳಿದ ಐವರೂ ಆರೋಗ್ಯವಂತರೇ, ಗೆರೆಯ ಆಚೆ ನಿಂತಿದ್ದಾರೆ ಅಷ್ಟೇ.

ಡೆಂಗಿ ಬಂದಾಗ ಪಪ್ಪಾಯಿ ಎಲೆ ರಸದ ಮೆಸೇಜ್ ಬಾರದ ಮನೆಯಿಲ್ಲ. ನಾನು ಆ ರಸದ ಜಗಳಕ್ಕೆ ಹೋಗುವುದಿಲ್ಲ. ಆದರೆ ಆ ಮೆಸೇಜುಗಳಲ್ಲಿ ಬಿಟ್ಟುಹೋಗುವ ಸಂಗತಿ ಒಂದಿದೆ. ಡೆಂಗಿಯಲ್ಲಿ ಅಪಾಯದ ಹೊತ್ತು ಬರುವುದು ಹೆಚ್ಚಾಗಿ ಜ್ವರ ಇಳಿಯುವಾಗ. ಎಲ್ಲರೂ 'ಸದ್ಯ, ಜ್ವರ ಬಿಡ್ತು' ಅನ್ನುವ ದಿನವೇ ಹೊಟ್ಟೆನೋವು, ಬಿಡದ ವಾಂತಿ, ವಸಡಲ್ಲಿ ರಕ್ತ, ವಿಪರೀತ ಸುಸ್ತು ಇದೆಯಾ ಅಂತ ನೋಡಬೇಕು. ಜ್ವರಕ್ಕೆ ಪ್ಯಾರಾಸಿಟಮಾಲ್ ಸರಿ, ಐಬುಪ್ರೊಫೆನ್, ಆಸ್ಪಿರಿನ್ ಬೇಡ. ಇಷ್ಟೂ ವಿಶ್ವ ಆರೋಗ್ಯ ಸಂಸ್ಥೆಯ ಪುಟದಲ್ಲಿ ಪುಕ್ಕಟೆ ಸಿಗುತ್ತದೆ. ನೂರು ಸಲ ಫಾರ್ವರ್ಡ್ ಆಗುವುದು ಮಾತ್ರ ಎಲೆ. ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಅಂತ ಗಾದೆ ಇದೆಯಲ್ವಾ? ಸಾಕ್ಷರತೆ ಅನ್ನುವ ಪದಕ್ಕೆ ಅದಕ್ಕಿಂತ ಒಳ್ಳೆಯ ವಿವರಣೆ ನನಗೆ ಸಿಕ್ಕಿಲ್ಲ. ಶಿಬಿರದವರು ಆ ಒಕ್ಕಾಲನ್ನೂ ಕಲಿಸಲಿಲ್ಲ ಅನ್ನುವುದು ಬೇರೆ ಮಾತು.

ಆಭಾ ಮೇಲೆ ನನಗೇನೂ ಸಿಟ್ಟಿಲ್ಲ. 14 ಅಂಕಿಯ ನಂಬರ್, ಬೇರೆ ಬೇರೆ ಕಡೆಯ ರಿಪೋರ್ಟುಗಳನ್ನು ಒಂದೇ ಕಡೆ ಜೋಡಿಸಿಕೊಳ್ಳಲು ಅನುಕೂಲ. ಆದರೆ ಆ ಸಾಲಿನಲ್ಲಿ ನಿಂತ ಹಿರಿಯರೊಬ್ಬರನ್ನು ಕೇಳಿದೆ, ಇದರಿಂದ ಏನು ಸಿಗುತ್ತದೆ ಅಂತ. "ಐದು ಲಕ್ಷದವರೆಗೆ ಆಪರೇಷನ್ ಫ್ರೀ ಅಂತೆ" ಅಂದರು. ಅದು ಆಯುಷ್ಮಾನ್ ಕಾರ್ಡ್, ಇದಲ್ಲ. ಮೇಜಿನ ಹಿಂದೆ ಕೂತ ಹುಡುಗನಿಗೆ ಇದು ಕೇಳಿಸಿತು. ಅವನು ಏನೂ ಹೇಳದೆ ಮುಂದಿನವರ ಒಟಿಪಿ ಕೇಳಿದ.

'ಆಭಾ ಕಾರ್ಡ್ ನೋಂದಣಿ' ಅಂತ ಬರೆಸಿದ್ದರೆ ಬ್ಯಾನರಿನಲ್ಲಿ ಜಾಗವೂ ಉಳಿಯುತ್ತಿತ್ತು, ಕ್ಷಾರವೂ ಬರುತ್ತಿರಲಿಲ್ಲ.