ಅವ್ವಗೆ ಆಪರೇಷನ್‌ಗಿಂತ ಬೆನ್ನಿನ ಇಂಜೆಕ್ಷನ್ನಿಂದೇ ಹೆದರಿಕೆ, ಏನು ಮಾಡೋದು?

ಪ್ರಶ್ನೆ: ನಮ್ಮ ಅವ್ವಗ ಅರವತ್ತು ದಾಟೇತ್ರಿ. ಮುಂದಿನ ವಾರ ಬಲಗಡೆ ಸೊಂಟದ ಕೀಲು ಬದಲಿ ಮಾಡ್ಸೋದೈತಿ. ಡಾಕ್ಟರ್ ಮ್ಯಾಲೆ ಭರೋಸ ಐತಿ. ಆದ್ರ ‘ಬೆನ್ನಾಗ ಸೂಜಿ ಹಾಕಿಸ್ಕೊಂಡ್ರ ಜೀವ ಇರೋತನಾ ಬೆನ್ನು ಬ್ಯಾನಿ ಬಿಡಂಗಿಲ್ಲ’ ಅಂತ ಓಣ್ಯಾನವರು ಹೇಳ್ಯಾರ. ರಾತ್ರಿ ನಿದ್ದಿ ಮಾಡವಲ್ಲಳು. ಹೆದರಿಕಿ ಹೋಗಾಕ ಏನರ ಗುಳಿಗಿ ಅದಾವೇನ್ರಿ?
(ಜಮಖಂಡಿಯಿಂದ ಒಬ್ಬ ಓದುಗರು)

ಉತ್ತರ: ಇಂಡಿಯಿಂದ ಬರಲಿ, ಗೋಕಾಕದಿಂದ ಬರಲಿ, ಹುನಗುಂದದಿಂದ ಬರಲಿ, ಪ್ರಶ್ನೆ ಮಾತ್ರ ಇದೇ. ಅರಿವಳಿಕೆ ಕೊಡುವುದೇ ನನ್ನ ಕಸುಬು. ಆಪರೇಷನ್‌ಗೆ ಮೊದಲು ಫಿಟ್‌ನೆಸ್ ತಪಾಸಣೆಗೆ ಬಂದವರಿಗೆಲ್ಲ ಹೇಳಿ ಹೇಳಿ ಬಾಯಿ ನೊಂದಿದೆ. ಈ ಸಲ ಬರೆದೇ ಬಿಡುತ್ತೇನೆ, ಓಣಿಯವರಿಗೂ ಓದಿಸಿ.

ಗುಳಿಗೆಯ ಮಾತು ಮೊದಲು ಮುಗಿಸೋಣ. ಇದೆ. ಹಿಂದಿನ ರಾತ್ರಿ ನಿದ್ದೆಗೆ ಅಂತ ನಾವೇ ಒಂದು ಬರೆಯುವುದುಂಟು. ಪಕ್ಕದ ಮನೆಯವರ ಡಬ್ಬಿಯಿಂದ ತಂದು ನುಂಗಿಸಬೇಡಿ, ಅಷ್ಟೇ.

ಈಗ ಸೂಜಿಗೆ ಬರೋಣ. ಪೂರ್ತಿ ಅರಿವು ತಪ್ಪಿಸದೆ ಟೊಂಕದ ಕೆಳಗಷ್ಟೇ ಮರಗಟ್ಟಿಸಲು ಕೊಡುವ ಇಂಜೆಕ್ಷನ್ ಇದು. ಅದು ‘ಬೆನ್ನೆಲುಬಿಗೆ’ ಚುಚ್ಚುವುದಲ್ಲ. ಎಲುಬು ಎಲುಬಿನ ನಡುವೆ ಇರುವ ಸಂದಿಯಲ್ಲಿ ಹೋಗುತ್ತದೆ. ಆ ಜಾಗವನ್ನು ನಾವು ಅಂದಾಜಿನ ಮೇಲೆ ಹಿಡಿಯುವುದಿಲ್ಲ. ಟೊಂಕದ ಎರಡೂ ಪಕ್ಕದ ಎಲುಬಿನ ಏಣನ್ನು ಕೈಯಿಂದ ಮುಟ್ಟಿ, ಅವೆರಡಕ್ಕೂ ಅಡ್ಡ ಗೆರೆ ಎಳೆದಂತೆ ನೋಡಿದರೆ ಸುಮಾರಾಗಿ ಸೊಂಟದ ನಾಲ್ಕನೆಯ ಕಶೇರು, ಅಂದರೆ ಬೆನ್ನೆಲುಬಿನ ಮಣಿ, ಸಿಗುತ್ತದೆ. ಅದರ ಮೇಲಿನ ಇಲ್ಲವೇ ಕೆಳಗಿನ ಸಂದಿಯೇ ನಮ್ಮದು. ಮಿದುಳಿನಿಂದ ಇಳಿದು ಬರುವ ಹುರಿ ದೊಡ್ಡವರಲ್ಲಿ ಸೊಂಟದ ಒಂದನೆಯ ಅಥವಾ ಎರಡನೆಯ ಕಶೇರಿನ ಹತ್ತಿರವೇ ಮುಗಿದಿರುತ್ತದೆ. ಅದರ ಕೆಳಗೆ ಇರುವುದು ಕುದುರೆ ಬಾಲದಂತೆ ಬಿಡಿಬಿಡಿಯಾಗಿ ನೀರಲ್ಲಿ ತೇಲುವ ನರಗಳು. ಅಂದರೆ ‘ಹುರಿಗೇ ಚುಚ್ಚಿಬಿಟ್ರ ಕಾಲು ಸ್ವಾಧೀನ ತಪ್ತಾವ’ ಅನ್ನುವವರು ಹೆದರುವ ಆ ಹುರಿ ಅಲ್ಲಿ ಇರುವುದೇ ಇಲ್ಲ. ಸೂಜಿಯ ದಪ್ಪ ಸುಮಾರು ಅರ್ಧ ಮಿಲಿಮೀಟರ್. ಒಳಗೆ ಹೋಗುವ ಔಷಧ ಮೂರು ಎಂಎಲ್ ಆಸುಪಾಸು. ‘ಬೆನ್ನಾನ ನೀರು ತಗದುಬಿಡ್ತಾರ’ ಎಂಬ ಇನ್ನೊಂದು ಮಾತಿದೆ. ನಾವು ತೆಗೆಯುವುದಿಲ್ಲ, ಸೂಜಿ ಸರಿಯಾಗಿ ಕೂತಿದೆಯೇ ಎಂದು ನೋಡಲು ಒಂದೆರಡು ಹನಿ ಬಂದರೆ ಸಾಕು. ದೇಹ ದಿನಕ್ಕೆ ಅರ್ಧ ಲೀಟರ್‌ನಷ್ಟು ಆ ನೀರನ್ನು ಹೊಸದಾಗಿ ಮಾಡಿಕೊಳ್ಳುತ್ತದೆ.

ಹಾಗಾದರೆ ಓಣಿಯವರು ಸುಳ್ಳು ಹೇಳುತ್ತಾರೆಯೇ? ನೋವು ಸುಳ್ಳಲ್ಲ, ಕಾರಣ ಸುಳ್ಳು. ಹೇಳುವವರು ಯಾರು, ಗಮನಿಸಿ. ಬಹುಪಾಲು ಸಿಜೇರಿಯನ್ ಆದ ಹೆಣ್ಣುಮಕ್ಕಳು. ಬಸಿರಿನಲ್ಲಿ ಕೀಲುಗಳ ಕಟ್ಟು ಸಡಿಲವಾಗಿರುತ್ತದೆ, ತೂಕ ಏರಿರುತ್ತದೆ. ಆಮೇಲೆ ವರ್ಷಗಟ್ಟಲೆ ಬಗ್ಗಿ ಕೂತು ಕೂಸಿಗೆ ಹಾಲು ಕುಡಿಸುವುದು, ಎತ್ತಿಕೊಳ್ಳುವುದು, ಅದರ ಜೊತೆಗೆ ನೀರು ಹೊರುವುದು, ಹೊಲದ ಕೆಲಸ. ಸಹಜ ಹೆರಿಗೆಯಾದವರನ್ನು ಕೇಳಿ, ಅವರಿಗೂ ಬೆನ್ನು ನೋಯುತ್ತದೆ, ಆದರೆ ಅವರಿಗೆ ಬೈಯಲು ಸೂಜಿ ಇಲ್ಲ. ಇನ್ನು ಹರ್ನಿಯಾ ಮಾಡಿಸಿಕೊಂಡ ಗಂಡಸರು, ಬೈಕಿನಿಂದ ಬಿದ್ದು ಕಾಲಿಗೆ ರಾಡ್ ಹಾಕಿಸಿಕೊಂಡ ಹುಡುಗರು, ಅವರಿಗೂ ಸಾಮಾನ್ಯವಾಗಿ ಇದೇ ಇಂಜೆಕ್ಷನ್. ಅವರು ಕಟ್ಟೆಯ ಮೇಲೆ ಕೂತು ಈ ದೂರು ಹೇಳಿದ್ದನ್ನು ಎಷ್ಟು ಸಲ ಕೇಳಿದ್ದೀರಿ? ಬೆನ್ನಿನ ಇಂಜೆಕ್ಷನ್ ತೆಗೆದುಕೊಂಡವರನ್ನೂ ಪೂರ್ತಿ ಅರಿವು ತಪ್ಪಿಸಿಕೊಂಡವರನ್ನೂ ಹೋಲಿಸಿದ ಅಧ್ಯಯನಗಳಲ್ಲಿ ದೀರ್ಘಕಾಲದ ಬೆನ್ನುನೋವು ಮೊದಲಿನವರಿಗೆ ಹೆಚ್ಚೇನೂ ಕಂಡಿಲ್ಲ. ಚುಚ್ಚಿದ ಜಾಗ ಒಂದೆರಡು ದಿನ ನೋಯಬಹುದು, ಅಷ್ಟು ಮಾತ್ರ ನಮ್ಮ ಲೆಕ್ಕಕ್ಕೆ ಹಾಕಿ.

ನಿಮ್ಮ ಅವ್ವನ ವಿಷಯದಲ್ಲಂತೂ ಲೆಕ್ಕ ತಿರುಗುಮುರುಗು. ಸವೆದ ಕೀಲು ಪೂರ್ತಿ ನೆಟ್ಟಗಾಗುವುದಿಲ್ಲ. ನೆಟ್ಟಗೆ ನಿಲ್ಲಬೇಕೆಂದರೆ ಟೊಂಕವನ್ನು ಮುಂದಕ್ಕೆ ಬಳುಕಿಸಬೇಕು, ಕುಂಟುತ್ತ ನಡೆಯಬೇಕು. ಆ ಭಾರವೆಲ್ಲ ಬೀಳುವುದು ಬೆನ್ನಿಗೆ. ಅವರಿಗೆ ಈಗಲೇ ಬೆನ್ನು ನೋಯುತ್ತಿರಬೇಕು, ಕೇಳಿ ನೋಡಿ. ಕೀಲು ಬದಲಿಸಿದ ಮೇಲೆ ಎಷ್ಟೋ ಜನಕ್ಕೆ ಬೆನ್ನೂ ಹಗುರಾಗುತ್ತದೆ.

ತೊಂದರೆಯೇ ಇಲ್ಲವೆಂದು ನಾನು ಹೇಳುವುದಿಲ್ಲ. ಬಿಪಿ ಇಳಿಯಬಹುದು, ನಡುಕ ಬರಬಹುದು, ಮೂತ್ರ ಕಟ್ಟಬಹುದು. ನರಕ್ಕೆ ಪೆಟ್ಟಾಗುವುದು ತೀರಾ ವಿರಳ. ಕೆಲವರಿಗೆ ಎದ್ದು ಕೂತರೆ ಹೆಚ್ಚಾಗಿ, ಮಲಗಿದರೆ ಇಳಿಯುವ ತಲೆನೋವು ಬರುತ್ತದೆ. 1898ರಲ್ಲಿ ಜರ್ಮನಿಯ ಕೀಲ್ ನಗರದಲ್ಲಿ ಈ ವಿಧಾನ ಶುರುಮಾಡಿದ ಆಗಸ್ಟ್ ಬಿಯರ್ ತನ್ನ ಮೇಲೂ ಪ್ರಯೋಗ ಮಾಡಿಸಿಕೊಂಡು ಇದೇ ತಲೆನೋವು ಅನುಭವಿಸಿದ. ಆಗ ಸೂಜಿ ದಪ್ಪ. ಈಗಿನ ಸೂಜಿಯಲ್ಲಿ ಅದು ಕಡಿಮೆ, ವಯಸ್ಸಾದವರಲ್ಲಿ ಇನ್ನೂ ಕಡಿಮೆ, ಬಂದರೂ ಔಷಧವಿದೆ. ರಕ್ತ ತೆಳುವಾಗುವ ಗುಳಿಗೆ ನುಂಗುವವರು ಮಾತ್ರ ಮರೆಯದೆ ಮೊದಲೇ ತಿಳಿಸಬೇಕು. ಅಂಥವರಿಗೆ ಕೆಲವೊಮ್ಮೆ ಈ ಇಂಜೆಕ್ಷನ್ ಕೊಡಲು ಬರುವುದಿಲ್ಲ.

‘ಎಚ್ಚರ ಇದ್ರ ಸುತ್ತಿಗಿ ಸಪ್ಪಳ ಕೇಳಸ್ತೈತಲ್ರಿ?’ ಹೌದು, ಕೀಲು ಕೂರಿಸುವಾಗ ಸದ್ದಾಗುತ್ತದೆ. ಬೇಡವೆಂದರೆ ಸಲೈನಿನ ಜೊತೆ ಮಂಪರಿನ ಔಷಧ ಕೊಡುತ್ತೇವೆ. ಹೆಚ್ಚಿನವರು ಗೊರಕೆ ಹೊಡೆಯುತ್ತಾರೆ.

ಉಳಿದ ಹೆದರಿಕೆಗೆ ನನ್ನ ಮದ್ದು ಒಂದೇ, ಅವರಿಗೆ ನಿಜ ಹೇಳಿ. ‘ಸಣ್ಣ ಆಪರೇಷನ್ ಅದ ಬೇ, ಸಂಜಿಗಿ ಮನಿಗಿ ಬರೋದು’ ಎಂದು ಹೇಳಿ ಕರೆತರುವ ಮಕ್ಕಳನ್ನು ಕಂಡರೆ ನನಗೆ ಸಿಟ್ಟು. ಒಂದೆರಡು ತಾಸಿನ ಆಪರೇಷನ್, ಮರುದಿನದ ಹೊತ್ತಿಗೆ ವಾಕರ್ ಹಿಡಿಸಿ ನಿಲ್ಲಿಸುತ್ತಾರೆ, ಕೆಲವು ದಿನ ಆಸ್ಪತ್ರೆ. ಇಷ್ಟು ಗೊತ್ತಿದ್ದವರು ಕಡಿಮೆ ಗಾಬರಿಯಾಗುತ್ತಾರೆ. ವಾಕರ್ ಈಗಲೇ ತಂದು ಮನೆಯಲ್ಲಿ ನಡೆಸಿ. ನೆಲದ ಮೇಲೆ ಕೂರುವುದು, ಕೆಳಗಿನ ಸಂಡಾಸು ಬಂದ್, ಕಮೋಡ್ ಕುರ್ಚಿ ತಂದಿಡಿ. ಮಿರಜ್‌ಗೋ ಸೊಲ್ಲಾಪುರಕ್ಕೋ ಹೋಗುವುದಾದರೆ ಒಂದು ದಿನ ಮೊದಲೇ ಹೋಗಿ ಉಳಿದುಕೊಳ್ಳಿ, ಬೆಳಗಿನ ಬಸ್ಸಿನ ಧಾವಂತವೇ ಬಿಪಿ ಏರಿಸುತ್ತದೆ. ಕಡ್ಡಿಪುಡಿ ತಿನ್ನುವ ರೂಢಿಯಿದ್ದರೆ ಈಗಲೇ ಬಿಡಿಸಿ.

ಉಪವಾಸದಲ್ಲಿ ನಮ್ಮ ಕಡೆಯ ಹಿರಿಯರು ಅತಿ ಶ್ರದ್ಧೆಯವರು, ಹಿಂದಿನ ಸಂಜೆಯಿಂದ ಗುಟುಕು ನೀರೂ ಮುಟ್ಟದೆ ಬರುತ್ತಾರೆ. ಸಾಮಾನ್ಯವಾಗಿ ಊಟ ಆರು ತಾಸು ಮೊದಲು ನಿಲ್ಲಿಸಬೇಕು, ಬರೀ ನೀರು ಎರಡು ತಾಸಿನವರೆಗೆ ನಡೆಯುತ್ತದೆ. ನಿಮ್ಮ ಡಾಕ್ಟರ್ ಹೇಳಿದ ಹೊತ್ತೇ ಕೊನೆಯ ಮಾತು. ಹಾಲು ಹಾಕಿದ ಚಹಾ ನೀರಲ್ಲ, ಊಟದ ಲೆಕ್ಕ.

ನೀವು ಕೇಳದ ಒಂದು ವಿಷಯವಿದೆ. ಎಷ್ಟೋ ಹೆಣ್ಣುಮಕ್ಕಳು ಧೈರ್ಯ ಕಳೆದುಕೊಳ್ಳುವುದು ಸೂಜಿ ಕಂಡಾಗ ಅಲ್ಲ, ಆಪರೇಷನ್ ಥಿಯೇಟರಿನ ಬಾಗಿಲಲ್ಲಿ ‘ತಾಳಿ, ಬಳಿ, ಕಾಲುಂಗುರ ತಗೀರಿ’ ಎಂದಾಗ. ರಕ್ತ ನಿಲ್ಲಿಸಲು ವಿದ್ಯುತ್ತಿನ ಉಪಕರಣ ಬಳಸುತ್ತಾರೆ, ಮೈಮೇಲೆ ಲೋಹವಿದ್ದರೆ ಅಲ್ಲಿ ಸುಡುವ ಅಪಾಯವಿದೆ. ಬೆರಳು ಬಾತರೆ ಉಂಗುರ ಬಿಗಿಯುತ್ತದೆ. ಲಿಂಗಧಾರಣೆ ಇದ್ದವರಿಗೂ ಇದೇ ಸಂಕಟ. ಬೆಳ್ಳಿಯ ಕರಡಿಗೆ ಒಳಗೆ ಬರುವುದಿಲ್ಲ. ಲಿಂಗವನ್ನು ಅರಿವೆಯಲ್ಲಿ ಸುತ್ತಿ ಗಾಯದಿಂದ ದೂರ ಕಟ್ಟಿಕೊಳ್ಳಬಹುದೇ ಎಂದು ವಾರ್ಡಿನ ಸಿಸ್ಟರ್‌ಗೆ ಹಿಂದಿನ ದಿನವೇ ಕೇಳಿ. ಆಗದು ಎಂದರೆ ಬೆಳಿಗ್ಗೆ ಪೂಜೆ ಮುಗಿಸಿ ಮನೆಯವರ ಕೈಗೆ ಕೊಡಲು ಸಮಯ ಸಿಗುತ್ತದೆ. ಬಾಗಿಲಲ್ಲಿ ಕಸಿದುಕೊಂಡಂತೆ ಆಗುವುದಿಲ್ಲ.

ಕಿವಿಯ ಮಷೀನು ಇದ್ದರೆ ಒಳಗೆ ಹೋಗುವವರೆಗೂ ಇರಲಿ ಎಂದು ಹೇಳಿ, ನಾವು ‘ಬಗ್ಗಿ ಕೂಡ್ರಿ’ ಅಂದದ್ದು ಕೇಳಿಸಬೇಕಲ್ಲ. ಹಲ್ಲಿನ ಸೆಟ್ ತೆಗೆದು ನೀರಿನ ಡಬ್ಬಿಗೆ ಹಾಕಿ, ಮೇಲೆ ಹೆಸರು ಬರೆಯಿರಿ. ವಾರ್ಡಿನಲ್ಲಿ ಕಳೆದು ಹೋದರೆ ಮರುದಿನ ರೊಟ್ಟಿ ಕೇಳಿದಾಗ ನೀವೇ ಬೈಸಿಕೊಳ್ಳುತ್ತೀರಿ.