ಯುದ್ಧದಲ್ಲಿ ಮಡಿದವರ ಗುಡಿಯಲ್ಲಿ ನಾವು ಕೈ ಮುಗಿಯಬಹುದೇ?

ಪ್ರಶ್ನೆ: ಕ್ಯೋಟೊಗೆ ಹೋದಾಗ ರಿಯೋಜೆನ್ ಕನ್ನೊನ್ ನೋಡಬೇಕೆಂದಿದ್ದೇವೆ. ಎರಡನೇ ಮಹಾಯುದ್ಧದಲ್ಲಿ ಸತ್ತ ಜಪಾನೀಯರ ನೆನಪಿಗೆ ಕಟ್ಟಿದ್ದಂತೆ. ಟೋಕಿಯೊದ ಯಾಸುಕುನಿಯ ಹಾಗೆ ಇದೂ ವಿವಾದದ ಜಾಗವೇ? ಹೊರಗಿನವರಾದ ನಾವು ಅಲ್ಲಿ ಕೈ ಮುಗಿದರೆ ತಪ್ಪೇ?

ಉತ್ತರ: ತಪ್ಪೇನಿಲ್ಲ, ಹೋಗಿ ಬನ್ನಿ. ಮನಸ್ಸಾದರೆ ಕೈಯನ್ನೂ ಮುಗಿಯಿರಿ. ನಿಮ್ಮ ಅಳುಕಿಗೆ ಕಾರಣವಿದೆ, ಆದರೆ ಆ ಕಾರಣ ಇರುವುದು ಟೋಕಿಯೊದಲ್ಲಿ.

ಯಾಸುಕುನಿ 1869ರಲ್ಲಿ ಶುರುವಾದ, ಜಪಾನಿನದೇ ಮೂಲ ಧರ್ಮವಾದ ಶಿಂಟೊದ ಪೂಜಾಸ್ಥಳ. ಚಕ್ರವರ್ತಿಯ ಪರವಾಗಿ ಹೋರಾಡಿ ಸತ್ತವರನ್ನು ಅಲ್ಲಿ ದೈವಗಳೆಂದೇ ಆರಾಧಿಸುತ್ತಾರೆ. ಸುಮಾರು 24.66 ಲಕ್ಷ ಮಂದಿಯ ಆ ಪಟ್ಟಿಗೆ 1978ರಲ್ಲಿ 14 ಮಂದಿ 'ಎ' ದರ್ಜೆಯ ಯುದ್ಧಾಪರಾಧದ, ಎಂದರೆ ಆಕ್ರಮಣ ಯುದ್ಧವನ್ನು ಸಂಚು ಹೂಡಿ ನಡೆಸಿದ, ಆರೋಪ ಹೊತ್ತವರನ್ನೂ ಸೇರಿಸಿದರು. ಜಪಾನಿನ ಪ್ರಧಾನಿ ಅಲ್ಲಿಗೆ ಹೋದರೆ ಚೀನಾ, ದಕ್ಷಿಣ ಕೊರಿಯಾ ಕೆರಳುವುದು ಅದಕ್ಕೇ.

ರಿಯೋಜೆನ್ ಕನ್ನೊನ್ ಬೌದ್ಧರದು. ಹಿಗಾಶಿಯಾಮಾ ಬೆಟ್ಟದ ಬುಡದಲ್ಲಿ, ಕೊದೈಜಿ ದೇಗುಲದ ಪಕ್ಕದಲ್ಲೇ, 24 ಮೀಟರ್ ಎತ್ತರದ ಬಿಳಿ ಕಾಂಕ್ರೀಟ್ ಮೂರ್ತಿ ಕುಳಿತಿದೆ. 1955ರಲ್ಲಿ ಕಟ್ಟಿದ್ದು. ಕನ್ನೊನ್ ಎಂದರೆ ಬೇರೆ ಯಾರೂ ಅಲ್ಲ, ನಮಗೆ ಗೊತ್ತಿರುವ ಅವಲೋಕಿತೇಶ್ವರನೇ; ಲೋಕದ ಅಳಲಿಗೆ ಕಿವಿಗೊಡುವ ಬೋಧಿಸತ್ವ. ಇಲ್ಲಿ ಸತ್ತವರು ದೈವವಾಗುವುದಿಲ್ಲ. ಅವರಿಗೆ ಶಾಂತಿ ಸಿಗಲೆಂದು ಕರುಣೆಯ ಮೂರ್ತಿಯ ಮುಂದೆ ಬೇಡಿಕೊಳ್ಳುತ್ತಾರೆ. ನನ್ನ ಮಟ್ಟಿಗೆ ಎಲ್ಲ ವ್ಯತ್ಯಾಸವೂ ಇಲ್ಲೇ ಇದೆ: ಸತ್ತವನು ಮಾಡಿದ್ದನ್ನೆಲ್ಲ ಒಪ್ಪದೆಯೂ ಅವನಿಗಾಗಿ ಮರುಗಲು ಇಲ್ಲಿ ಜಾಗವಿದೆ.

ಇನ್ನೊಂದು ಸಂಗತಿಯನ್ನು ಹೇಳಲೇಬೇಕು. ಜಪಾನಿನ ಹಿಡಿತದಲ್ಲಿದ್ದ ನೆಲದಲ್ಲಿ ಪ್ರಾಣ ಬಿಟ್ಟ ಸುಮಾರು 48,000 ವಿದೇಶಿ ಸೈನಿಕರಿಗೂ ಇದೇ ಆವರಣದಲ್ಲಿ ಒಂದು ಸ್ಮಾರಕ ಭವನವಿದೆ. ತಮ್ಮವರ ಸಾವಿಗೆ ಗುಡಿ ಕಟ್ಟಿದವರು ಎದುರಾಳಿಗಳ ಸಾವನ್ನೂ ಅದೇ ಅಂಗಳದಲ್ಲಿ ನೆನೆದಿದ್ದಾರೆ. ಮೂರ್ತಿಯ ಫೋಟೊ ತೆಗೆದುಕೊಂಡು ಹಿಂದಿರುಗಿಬಿಡಬೇಡಿ, ಆ ಭವನದೊಳಗೆ ಸ್ವಲ್ಪ ಹೊತ್ತು ನಿಂತು ಬನ್ನಿ.

ಕ್ರಮ ಸರಳ. ಊದುಬತ್ತಿ ಹಚ್ಚಿ ಬೂದಿಯ ಪಾತ್ರೆಯಲ್ಲಿ ನಿಲ್ಲಿಸಿ, ಕೈ ಜೋಡಿಸಿ, ಮೌನವಾಗಿ ತಲೆ ಬಾಗಿಸಿ. ಚಪ್ಪಾಳೆ ಬೇಡ; ಎರಡು ಸಲ ಬಾಗಿ, ಎರಡು ಚಪ್ಪಾಳೆ ತಟ್ಟಿ, ಮತ್ತೊಮ್ಮೆ ಬಾಗುವುದು ಶಿಂಟೊ ಪದ್ಧತಿ. ಈ ಗೊಂದಲ ಸುಲಭವಾಗಿ ಆಗುತ್ತದೆ, ಏಕೆಂದರೆ ಅಲ್ಲೇ ಮೇಲಿನ ಇಳಿಜಾರಿನಲ್ಲಿ ರಿಯೋಜೆನ್ ಗೊಕೊಕು ಎಂಬ ಶಿಂಟೊ ಸ್ಥಳವೂ ಇದೆ. ಹೆಸರು ಹೆಚ್ಚುಕಡಿಮೆ ಒಂದೇ, ಸಂಪ್ರದಾಯ ಬೇರೆ. ಸಮುರಾಯ್ ಸಕಾಮೊಟೊ ರ‍್ಯೋಮಾನ ಸಮಾಧಿ ಇರುವುದು ಅಲ್ಲಿ. ಯುದ್ಧ ಮುಗಿದ ಮೇಲೆ ಜಪಾನಿನ ನಾಯಕರ ಮೇಲೆ ನಡೆದ ಟೋಕಿಯೊ ವಿಚಾರಣೆಯಲ್ಲಿ ಎಲ್ಲ ಆರೋಪಿಗಳನ್ನೂ ಖುಲಾಸೆ ಮಾಡಬೇಕೆಂದು ಭಿನ್ನ ತೀರ್ಪು ಬರೆದ ಭಾರತೀಯ ನ್ಯಾಯಾಧೀಶ ರಾಧಾಬಿನೋದ್ ಪಾಲ್ ಅವರ ಸ್ಮಾರಕವೂ ಅಲ್ಲೇ ಇದೆ. ಸಮಯವಿದ್ದರೆ ಅಲ್ಲಿಗೂ ಹತ್ತಿ ಹೋಗಿ.