ಎಸ್‌ಎಸ್‌ಎಲ್‌ವಿ: ಅಗ್ಗದ ರಾಕೆಟ್‌ನಲ್ಲಿ ಅಗ್ಗವಾಗಿದ್ದು ಏನು?

ಇಸ್ರೋದ ಎಸ್‌ಎಸ್‌ಎಲ್‌ವಿ, ಅಂದರೆ ಸಣ್ಣ ಉಪಗ್ರಹ ಒಯ್ಯುವ ರಾಕೆಟ್ ಬಗ್ಗೆ ನೋಟ್ಸ್ ಮಾಡುವಾಗ ಹೆಚ್ಚಿನವರು ಅಳತೆ ಬರೆದುಕೊಂಡು ಮುಂದೆ ಹೋಗುತ್ತಾರೆ. ಎತ್ತರ 34 ಮೀಟರ್, ವ್ಯಾಸ 2 ಮೀಟರ್, ನೆಲ ಬಿಡುವಾಗ ತೂಕ ಸುಮಾರು 120 ಟನ್. ಇಷ್ಟು ಬಾಯಿಪಾಠ ಇದ್ದರೆ ಒಂದು ಅಂಕದ ಪ್ರಶ್ನೆಗೆ ಸಾಕು. ಆದರೆ 'ಕಡಿಮೆ ಖರ್ಚಿನ ರಾಕೆಟ್' ಅಂತ ಎಲ್ಲ ಕಡೆ ಬರೆದಿರುತ್ತಾರಲ್ಲ, ಖರ್ಚು ಎಲ್ಲಿ ಕಡಿಮೆಯಾಯಿತು ಅಂತ ಕೇಳಿದರೆ ತಡವರಿಸುತ್ತೇವೆ. ಹಾಗಾಗಿ ಈ ಟಿಪ್ಪಣಿಯಲ್ಲಿ ಅದನ್ನೇ ಹಿಡಿದುಕೊಂಡು ಹೋಗೋಣ.

ರಾಕೆಟ್ ಚಿಕ್ಕದು, ಹಾಗಾಗಿ ಅಗ್ಗ ಅನ್ನುವ ಉತ್ತರ ಅರ್ಧ ಮಾತ್ರ ಸರಿ. ಕಿಲೋ ಲೆಕ್ಕದಲ್ಲಿ ನೋಡಿದರೆ ಚಿಕ್ಕ ರಾಕೆಟ್ಟೇ ದುಬಾರಿ. ಸೂರ್ಯ-ಸಮಕಾಲಿಕ ಕಕ್ಷೆಗೆ (ಧ್ರುವಗಳ ಹತ್ತಿರದಿಂದ ಹಾಯುವ, ಒಂದು ಜಾಗದ ಮೇಲೆ ಪ್ರತಿಸಲ ಅದೇ ಸ್ಥಳೀಯ ಹೊತ್ತಿಗೆ ಬರುವ ಕಕ್ಷೆ) ಎಸ್‌ಎಸ್‌ಎಲ್‌ವಿ ಸುಮಾರು 300 ಕಿಲೋ ಒಯ್ಯಬಲ್ಲದು. ಇಸ್ರೋದ ಹಳೆಯ, ದೊಡ್ಡ ರಾಕೆಟ್ಟಾದ 320 ಟನ್ ತೂಕದ ಪಿಎಸ್‌ಎಲ್‌ವಿ ಅದೇ ಬಗೆಯ ಕಕ್ಷೆಗೆ 1,750 ಕಿಲೋ ಒಯ್ಯುತ್ತದೆ. ಭಾಗಿಸಿ ನೋಡಿ. ಒಂದು ಕಿಲೋ ಉಪಗ್ರಹಕ್ಕೆ ಪಿಎಸ್‌ಎಲ್‌ವಿಯಲ್ಲಿ ಸುಮಾರು 183 ಕಿಲೋ ರಾಕೆಟ್ ಬೇಕು, ಎಸ್‌ಎಸ್‌ಎಲ್‌ವಿಯಲ್ಲಿ 400 ಕಿಲೋ. ರಾಕೆಟ್ ಚಿಕ್ಕದಾಯಿತು ಅಂತ ಅದರ ಕಂಪ್ಯೂಟರ್, ಬ್ಯಾಟರಿ, ಹಂತ ಕಳಚುವ ಏರ್ಪಾಟು ಅಷ್ಟೇ ಪ್ರಮಾಣದಲ್ಲಿ ಚಿಕ್ಕದಾಗುವುದಿಲ್ಲ, ಅಲ್ವಾ?

ಹಾಗಾದರೆ ಉಳಿತಾಯ ಎಲ್ಲಿ? ಇಡೀ ರಾಕೆಟ್ಟಿನ ಬೆಲೆಯಲ್ಲಿ ಮತ್ತು ಕಾಯುವ ದಿನಗಳಲ್ಲಿ. 2017ರ ಫೆಬ್ರವರಿ 15ರಂದು ಪಿಎಸ್‌ಎಲ್‌ವಿ-ಸಿ37 ಒಂದೇ ಸಲಕ್ಕೆ 104 ಉಪಗ್ರಹ ಒಯ್ದಿತ್ತು. ದೊಡ್ಡದು ಕಾರ್ಟೋಸ್ಯಾಟ್-2 ಸರಣಿಯ 714 ಕಿಲೋದ ಉಪಗ್ರಹ, ಉಳಿದ 103 ಅದರ ಜೊತೆ ಹೋದವು. ಹಾಗೆ ಜೊತೆಗೆ ಹೋಗುವುದರಲ್ಲಿ ತಲೆಗೆ ಟಿಕೆಟ್ ಅಗ್ಗ. ಆದರೆ ದೊಡ್ಡದು ಯಾವಾಗ ಹೊರಡುತ್ತದೋ ಆಗಲೇ ಹೊರಡಬೇಕು, ಅದು ಹೋಗುವ ಕಕ್ಷೆಗೇ ಹೋಗಬೇಕು. ಬಸ್ಸಿಗೂ ಆಟೋಗೂ ಇರುವ ವ್ಯತ್ಯಾಸ ಇದು. ಆಟೋದಲ್ಲಿ ಕಿಲೋಮೀಟರಿಗೆ ಜಾಸ್ತಿ ಕೊಡುತ್ತೇವೆ, ಆದರೆ ನಮ್ಮ ಹೊತ್ತಿಗೆ ನಮ್ಮ ಬಾಗಿಲಿಗೆ ಹೋಗುತ್ತೇವೆ.

ಘನ ಇಂಧನ ಯಾಕೆ?

ಎಸ್‌ಎಸ್‌ಎಲ್‌ವಿಯ ಮೂರು ಹಂತಗಳೂ ಘನ ಇಂಧನದವು. ಮೊದಲ ಹಂತದಲ್ಲಿ ಸುಮಾರು 87 ಟನ್ ಇಂಧನ, ಎರಡನೆಯದರಲ್ಲಿ 7.7, ಮೂರನೆಯದರಲ್ಲಿ 4.5. ಇದು ಎಚ್‌ಟಿಪಿಬಿ ಎಂಬ ರಬ್ಬರಿನಂಥ ವಸ್ತುವಿನಲ್ಲಿ ಅಲ್ಯೂಮಿನಿಯಂ ಪುಡಿ, ಅಮೋನಿಯಂ ಪರ್‌ಕ್ಲೋರೇಟ್ ಕಲಸಿ ಎರಕ ಹೊಯ್ದ ಇಂಧನ. ಒಮ್ಮೆ ಗಟ್ಟಿಯಾದ ಮೇಲೆ ಹಾಗೇ ಇಡಬಹುದು. ಉಡಾವಣಾ ಕಟ್ಟೆಯ ಮೇಲೆ ದೊಡ್ಡ ಟ್ಯಾಂಕ್ ತುಂಬಿಸುವ ಕೆಲಸ ಇಲ್ಲ. ಪಿಎಸ್‌ಎಲ್‌ವಿಯಲ್ಲಿ ಎರಡನೇ ಮತ್ತು ನಾಲ್ಕನೇ ಹಂತ ದ್ರವ ಇಂಧನದವು, ಅದೂ ವಿಷಕಾರಿ. ತುಂಬಿಸುವಾಗ ವಿಶೇಷ ಉಡುಪು, ವಿಶೇಷ ಜಾಗ್ರತೆ ಎಲ್ಲ ಬೇಕು.

ಆರು ಜನ 72 ಗಂಟೆಯಲ್ಲಿ ರಾಕೆಟ್ ಜೋಡಿಸಿ ಮುಗಿಸುವಂತಾಗಬೇಕು ಅನ್ನುವುದು ಇಸ್ರೋ ಹೇಳಿಕೊಂಡಿದ್ದ ಗುರಿ. ಪಿಎಸ್‌ಎಲ್‌ವಿಗೆ ವಾರಗಟ್ಟಲೆ ಸಮಯ, ಹತ್ತಾರು ಜನ ಬೇಕು. 'ಅಗ್ಗ' ಅನ್ನುವುದರ ದೊಡ್ಡ ಪಾಲು ಇಲ್ಲಿದೆ ಅಂತ ನನ್ನ ಅಭಿಪ್ರಾಯ. ಇಂಧನದ ಬಿಲ್ ಯಾವ ರಾಕೆಟ್‌ನಲ್ಲೂ ಸಣ್ಣದೇ. ದುಡ್ಡು ಹೋಗುವುದು ಜನರ ಸಂಬಳಕ್ಕೆ, ದಿನಗಳಿಗೆ, ಪರೀಕ್ಷೆಗಳಿಗೆ.

ಇದನ್ನೆಲ್ಲ ಒಂದೇ ಸಲ ಬಳಸಿ ಬಿಸಾಡುವುದು ಯಾಕೆ, ಅಮೆರಿಕದ ಸ್ಪೇಸ್‌ಎಕ್ಸ್ ಕಂಪನಿಯ ಫಾಲ್ಕನ್-9 ರಾಕೆಟ್ಟಿನ ಹಾಗೆ ವಾಪಸ್ ಇಳಿಸಬಾರದೇ? ಇಳಿಯಲು ಕಾಲು ಬೇಕು, ಉಳಿಕೆ ಇಂಧನ ಬೇಕು, ಎಂಜಿನ್ ಮತ್ತೆ ಹೊತ್ತಬೇಕು. ಘನ ಇಂಧನ ಒಮ್ಮೆ ಹೊತ್ತಿದರೆ ಮುಗಿಯುವ ತನಕ ಉರಿಯುತ್ತದೆ. ಆರಿಸಿ ಮತ್ತೆ ಹಚ್ಚುವ ಮಾತೇ ಇಲ್ಲ. ಪ್ಯಾರಾಶೂಟ್ ಕಟ್ಟಿ ಸಮುದ್ರದಿಂದ ಎತ್ತಿಕೊಳ್ಳಬಹುದು, ಅಮೆರಿಕದ ಸ್ಪೇಸ್ ಶಟಲ್‌ನ ಬೂಸ್ಟರ್‌ಗಳನ್ನು ಹಾಗೆಯೇ ತರುತ್ತಿದ್ದರು. ಆದರೆ ಭೂಮಿಗೆ ಹತ್ತಿರದ ಸಾಮಾನ್ಯ ಕಕ್ಷೆಗೆ ಹೆಚ್ಚೆಂದರೆ 500 ಕಿಲೋ ಒಯ್ಯುವ ರಾಕೆಟ್‌ಗೆ ಆ ಹೆಚ್ಚುವರಿ ಭಾರ ಕಟ್ಟಿದರೆ ಉಪಗ್ರಹಕ್ಕೆ ಜಾಗ ಉಳಿಯುವುದು ಕಷ್ಟ.

ಮೊದಲ ಹಾರಾಟ ಸೋತಿದ್ದು ಹೇಗೆ

ಇದನ್ನು ಸ್ವಲ್ಪ ನಿಧಾನವಾಗಿ ಓದಿ, ಇಡೀ ವಿನ್ಯಾಸ ಇಲ್ಲಿ ಅರ್ಥವಾಗುತ್ತದೆ. ಘನ ಇಂಧನವನ್ನು ಬೇಕಾದಾಗ ನಿಲ್ಲಿಸಲಾಗದು ಅಂದಮೇಲೆ ವೇಗ ಸ್ವಲ್ಪ ಹೆಚ್ಚೂಕಡಿಮೆ ಆಗಿಯೇ ಆಗುತ್ತದೆ. ಅದನ್ನು ಸರಿಪಡಿಸಲು ತುದಿಯಲ್ಲಿ ವಿಟಿಎಂ ಎಂಬ ಪುಟ್ಟ ದ್ರವ ಇಂಧನದ ಘಟಕ ಇದೆ. ಅದರಲ್ಲಿ 50 ನ್ಯೂಟನ್ ಬಲದ 16 ಪುಟಾಣಿ ಎಂಜಿನ್‌ಗಳು. ಮೂರು ಹಂತ ಸೇರಿ ಒರಟಾಗಿ ತಂದ ವೇಗವನ್ನು ಇದು ನಯ ಮಾಡಬೇಕು.

2022ರ ಆಗಸ್ಟ್ 7ರಂದು ಶ್ರೀಹರಿಕೋಟಾದಿಂದ ಎಸ್‌ಎಸ್‌ಎಲ್‌ವಿ-ಡಿ1 ಹಾರಿತು. ಇಒಎಸ್-02 ಮತ್ತು ಆಝಾದಿಸ್ಯಾಟ್ ಎಂಬ ಉಪಗ್ರಹಗಳು ಅದರಲ್ಲಿದ್ದವು. ಮೂರೂ ಹಂತಗಳು ಉರಿದವು. ತೊಂದರೆ ಆಗಿದ್ದು ಎರಡನೇ ಹಂತ ಕಳಚುವ ಗಳಿಗೆಯಲ್ಲಿ. ಆಗ ಉಪಕರಣಗಳಿರುವ ತಟ್ಟೆ ಕ್ಷಣಕಾಲ ಜೋರಾಗಿ ನಡುಗಿತು. ವೇಗ ಎಷ್ಟು ಏರುತ್ತಿದೆ ಎಂದು ಅಳೆಯುವ ಆಕ್ಸೆಲೆರೋಮೀಟರ್‌ಗಳು ತಮ್ಮ ಮಿತಿ ದಾಟಿ ಓದಿದವು. ಅವುಗಳಲ್ಲಿ ಒಂದೂ ಕೆಟ್ಟಿರಲಿಲ್ಲ. ಆದರೆ ದೋಷ ಪತ್ತೆ ಮಾಡುವ ತಂತ್ರಾಂಶ 'ಎಲ್ಲವೂ ಕೆಟ್ಟಿವೆ' ಎಂದು ತೀರ್ಮಾನಿಸಿ ರಾಕೆಟ್ಟನ್ನು ತುರ್ತು ಕ್ರಮಕ್ಕೆ ಹಾಕಿತು. ಕೊನೆಗೆ ಬಿದ್ದ ವೇಗದ ಕೊರತೆಯನ್ನು ತುಂಬಲು ಆಗಲೇ ಇಲ್ಲ.

ಕೊರತೆ ಎಷ್ಟು? 356 ಕಿಲೋಮೀಟರ್ ಎತ್ತರದಲ್ಲಿ ದುಂಡನೆಯ ಕಕ್ಷೆಗೆ ಸೆಕೆಂಡಿಗೆ ಸುಮಾರು 7.69 ಕಿಲೋಮೀಟರ್ ವೇಗ ಬೇಕು. ಕಡಿಮೆ ಬಿದ್ದಿದ್ದು ಅದರಲ್ಲಿ ಶೇ 1ರ ಆಸುಪಾಸು. ಅಷ್ಟಕ್ಕೇ ಕಕ್ಷೆ 356 × 76 ಕಿಲೋಮೀಟರ್ ಆಗಿಬಿಟ್ಟಿತು, ಅಂದರೆ ಒಂದು ತುದಿಯಲ್ಲಿ 356 ಎತ್ತರ, ಇನ್ನೊಂದು ತುದಿಯಲ್ಲಿ ಬರೀ 76. 76 ಕಿಲೋಮೀಟರ್‌ನಲ್ಲಿ ಉಪಗ್ರಹವನ್ನು ಎಳೆದು ಹಾಕುವಷ್ಟು ಗಾಳಿ ಇದೆ. ಎರಡೂ ಉಪಗ್ರಹಗಳು ಕೆಳಗೆ ಬಂದವು. ವೇಗ ಮತ್ತು ಕಕ್ಷೆಯ ಸಂಬಂಧ ಕಲಿಸಲು ಇದಕ್ಕಿಂತ ಒಳ್ಳೆಯ ಲೆಕ್ಕ ನನಗೆ ಕಂಡಿಲ್ಲ.

ಮುಂದಿನ ಹಾರಾಟಕ್ಕೆ ಎರಡನೇ ಹಂತ ಕಳಚುವ ವ್ಯವಸ್ಥೆಯನ್ನೇ ಬದಲಿಸಿದರು, ನಡುಕ ಕಡಿಮೆಯಾಗುವ ಹಾಗೆ. ಸೆನ್ಸರ್ ಕೆಟ್ಟಿದೆ ಎಂದು ಘೋಷಿಸುವ ಮೊದಲು ಇನ್ನಷ್ಟು ಹೊತ್ತು ನೋಡುವಂತೆ ತಂತ್ರಾಂಶ ತಿದ್ದಿದರು. 2023ರ ಫೆಬ್ರವರಿ 10ರಂದು ಡಿ2 ಗೆದ್ದಿತು. ಇಒಎಸ್-07, ಜಾನಸ್-1, ಆಝಾದಿಸ್ಯಾಟ್-2 ಮೂರೂ 450 ಕಿಲೋಮೀಟರ್ ಕಕ್ಷೆ ಸೇರಿದವು. 2024ರ ಆಗಸ್ಟ್ 16ರಂದು ಡಿ3, ಇಒಎಸ್-08 ಜೊತೆ. ಅಲ್ಲಿಗೆ ಅಭಿವೃದ್ಧಿ ಹಾರಾಟಗಳು ಮುಗಿದವು. ಈ ಮೂರೂ ಹಾರಾಟ ಸೇರಿ ಯೋಜನೆಗೆ ಮಂಜೂರಾಗಿದ್ದು 169 ಕೋಟಿ ರೂಪಾಯಿ.

500 ಕಿಲೋ ಯಾಕೆ 300 ಆಗುತ್ತದೆ?

ಪರೀಕ್ಷೆಗೆ ಬರಬಹುದಾದ ಪ್ರಶ್ನೆ. ಸಮಭಾಜಕದ ಹತ್ತಿರ ಭೂಮಿ ಸೆಕೆಂಡಿಗೆ ಸುಮಾರು 465 ಮೀಟರ್ ವೇಗದಲ್ಲಿ ಪೂರ್ವಕ್ಕೆ ತಿರುಗುತ್ತದೆ. ಪೂರ್ವಕ್ಕೆ ಹಾರಿಸಿದರೆ ಆ ವೇಗ ಪುಕ್ಕಟೆ. ಸೂರ್ಯ-ಸಮಕಾಲಿಕ ಕಕ್ಷೆಗೆ ಉತ್ತರ-ದಕ್ಷಿಣವಾಗಿ, ಸ್ವಲ್ಪ ಪಶ್ಚಿಮಕ್ಕೇ ವಾಲಿ ಹೋಗಬೇಕು. ಪುಕ್ಕಟೆ ಸಿಕ್ಕಿದ್ದು ಹೋಯಿತು, ಮೇಲೆ ಒಂದಿಷ್ಟು ಕೈಯಿಂದ ಹಾಕಬೇಕು.

ಶ್ರೀಹರಿಕೋಟಾದಿಂದ ಇನ್ನೊಂದು ತಾಪತ್ರಯ. ನೇರ ದಕ್ಷಿಣಕ್ಕೆ ಹೋದರೆ ಶ್ರೀಲಂಕಾ ಅಡ್ಡ ಬರುತ್ತದೆ. ಹಾಗಾಗಿ ರಾಕೆಟ್ ಮೊದಲು ಆಗ್ನೇಯಕ್ಕೆ ಹೋಗಿ ಆಮೇಲೆ ದಕ್ಷಿಣಕ್ಕೆ ತಿರುಗಬೇಕು. ದೊಡ್ಡ ರಾಕೆಟ್ ಈ ಸುತ್ತು ತಡೆದುಕೊಳ್ಳುತ್ತದೆ, ಚಿಕ್ಕದರ ಹೊಟ್ಟೆಗೇ ಹೊಡೆತ. ತಮಿಳುನಾಡಿನ ತೂತ್ತುಕುಡಿ ಜಿಲ್ಲೆಯ ಕುಲಶೇಖರಪಟ್ಟಿಣದಲ್ಲಿ ಹೊಸ ಉಡಾವಣಾ ಕೇಂದ್ರಕ್ಕೆ 2024ರ ಫೆಬ್ರವರಿ 28ರಂದು ಅಡಿಗಲ್ಲು ಬಿದ್ದಿದ್ದು ಇದಕ್ಕೇ. ಅಲ್ಲಿಂದ ದಕ್ಷಿಣಕ್ಕೆ ಬರೀ ಸಮುದ್ರ.

ಇನ್ನು ನಮ್ಮ ಬೆಂಗಳೂರಿನ ಪಾತ್ರ. ರಾಕೆಟ್ ರೂಪಿಸಿದ್ದು ತಿರುವನಂತಪುರದ ವಿಕ್ರಮ್ ಸಾರಾಭಾಯಿ ಕೇಂದ್ರ. ಅದನ್ನು ಮುಂದೆ ತಯಾರಿಸುವ ಹಕ್ಕನ್ನು 2025ರ ಜೂನ್‌ನಲ್ಲಿ 511 ಕೋಟಿ ರೂಪಾಯಿ ಬಿಡ್‌ಗೆ ಗೆದ್ದುಕೊಂಡಿದ್ದು ವಿಮಾನ ತಯಾರಿಸುವ ಸರ್ಕಾರಿ ಕಂಪನಿ, ಬೆಂಗಳೂರಿನ ಎಚ್‌ಎಎಲ್. ಎರಡು ವರ್ಷದಲ್ಲಿ ತಂತ್ರಜ್ಞಾನ ಕಲಿತು, ಇಸ್ರೋ ಜೊತೆ ಎರಡು ಉಡಾವಣೆ ಮಾಡಿ, ಆಮೇಲೆ ತಾನೇ ಮಾರಬೇಕು. ಗಿರಾಕಿಗಳ ಎದುರು ಇನ್ನೊಂದು ದಾರಿಯೂ ಇದೆ. ಸ್ಪೇಸ್‌ಎಕ್ಸ್ ತನ್ನ ದೊಡ್ಡ ರಾಕೆಟ್‌ನಲ್ಲಿ ಹತ್ತಾರು, ಕೆಲವೊಮ್ಮೆ ನೂರಕ್ಕೂ ಹೆಚ್ಚು ಪುಟ್ಟ ಉಪಗ್ರಹ ತುಂಬಿಕೊಂಡು ಹೋಗುತ್ತದೆ. 2021ರ ಜನವರಿಯಲ್ಲಿ ಒಂದೇ ಸಲಕ್ಕೆ 143 ಒಯ್ದಿತ್ತು. ಕಿಲೋ ದರದಲ್ಲಿ ಅದನ್ನು ಸೋಲಿಸುವುದು ಎಚ್‌ಎಎಲ್‌ಗೆ ಆಗದ ಮಾತು. ಕಾರ್ಖಾನೆ, ಸಿಬ್ಬಂದಿ, ಉಡಾವಣಾ ಕಟ್ಟೆಯ ಖರ್ಚು ವರ್ಷಕ್ಕೆ ಎರಡು ರಾಕೆಟ್ ಹಾರಿಸಿದರೂ ಬರುತ್ತದೆ, ಹತ್ತು ಹಾರಿಸಿದರೂ ಬರುತ್ತದೆ. ಹಾಗಾಗಿ ತನ್ನದೇ ದಿನ, ತನ್ನದೇ ಕಕ್ಷೆ ಬೇಕು ಅನ್ನುವ ಗಿರಾಕಿಗಳು ವರ್ಷಕ್ಕೆ ಎಷ್ಟು ಸಿಗುತ್ತಾರೆ ಅನ್ನುವುದರ ಮೇಲೆ ಒಂದೊಂದು ರಾಕೆಟ್ಟಿನ ಬೆಲೆ ನಿಲ್ಲುತ್ತದೆ.